ಡಾಲರ್, ಬರ್ಗರ್ ಮತ್ತು ಮುದ್ದೆ ಊಟ: ಮಂಡ್ಯದ ಒಂದು ಪ್ರಾಜೆಕ್ಟ್‌ನ ಪ್ರಕರಣ ಅಧ್ಯಯನ

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳು ಅರ್ಥಶಾಸ್ತ್ರದ ಪ್ರಾಜೆಕ್ಟ್‌ಗೆ ಆರಿಸಿಕೊಂಡ ವಿಷಯ "ರೂಪಾಯಿಯ ನಿಜವಾದ ಬೆಲೆ". ಇಬ್ಬರು ಹುಡುಗಿಯರು, ಒಬ್ಬ ಹುಡುಗ. ನಾನು ಗೈಡ್. ಶೀರ್ಷಿಕೆ ಕೇಳಿದ ಕೂಡಲೇ ಇದು ಎಲ್ಲಿಂದ ಬಂತು ಅಂತ ಕೇಳಿದೆ. ಫೋನಿನಲ್ಲಿ ಬಂದ ಒಂದು ಚಿಕ್ಕ ವಿಡಿಯೊದಿಂದ. ಒಂದು ಡಾಲರ್‌ಗೆ ನಿಜವಾಗಿ 30 ರೂಪಾಯಿ ಚಿಲ್ಲರೆ ಇರಬೇಕಿತ್ತು, ಅದರ ಎರಡು ಪಟ್ಟು ಕೊಡುತ್ತಿದ್ದೇವೆ, ನಮಗೆ ಮೋಸ ಆಗುತ್ತಿದೆ ಅಂತ ಅದರಲ್ಲಿ ಹೇಳಿದ್ದರಂತೆ. ಆಧಾರ ಏನು ಅಂದರೆ, ಒಂದೇ ಬರ್ಗರ್‌ನ ಬೆಲೆಯನ್ನು ದೇಶ ದೇಶಗಳಲ್ಲಿ ಹೋಲಿಸಿ ನೋಡುವ, ಲಂಡನ್ನಿನ 'ದಿ ಎಕನಾಮಿಸ್ಟ್' ವಾರಪತ್ರಿಕೆಯ ಬಿಗ್ ಮ್ಯಾಕ್ ಸೂಚ್ಯಂಕ.

ವಿಷಯ ಕೈಬಿಡಿ ಅಂತ ನಾನು ಹೇಳಲಿಲ್ಲ. ವಿಡಿಯೊ ಬಿಡಿ, ಪತ್ರಿಕೆಯ ಮೂಲ ಅಂಕಿಅಂಶದ ಕಡತವನ್ನೇ ಇಳಿಸಿಕೊಂಡು ಬನ್ನಿ ಅಂದೆ. ನಮ್ಮ ಮಕ್ಕಳಿಗೆ ಜಗತ್ತಿನ ಅಂಕಿಅಂಶ ಸಿಗುವುದು ಯಾರೋ ಅಗಿದು ಉಗಿದ ಮೇಲೆ. ಮೂಲವನ್ನು ತೆರೆದು ನೋಡುವ ಹಕ್ಕು ಲಂಡನ್ನಿನವರಿಗೆ ಎಷ್ಟಿದೆಯೋ ಮಂಡ್ಯದವರಿಗೂ ಅಷ್ಟೇ ಇದೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೂ ಒಂದು ಕಾರಣ.

ಪತ್ರಿಕೆ ಮತ್ತು ಅದರ ಅಂಕಿಗಳು

'ದಿ ಎಕನಾಮಿಸ್ಟ್' ಶುರುವಾದದ್ದು 1843ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದಿತ್ತು. ನಮ್ಮದೇ ಎರಡು ತಿಂಗಳು ಮೊದಲು. ಲಂಡನ್ನಿನ ಪತ್ರಿಕೆ ಕಟ್ಟಿದವರು ಜೇಮ್ಸ್ ವಿಲ್ಸನ್. ಧಾನ್ಯದ ಆಮದಿಗೆ ಇದ್ದ ತೆರಿಗೆಯನ್ನು ತೆಗೆಸಬೇಕು ಅನ್ನುವುದು ಅವರ ಹೋರಾಟ. ಇದೇ ವಿಲ್ಸನ್ 1859ರಲ್ಲಿ ಇಂಡಿಯಾಕ್ಕೆ ಹಣಕಾಸು ನೋಡಿಕೊಳ್ಳಲು ಬಂದರು. 1860ರಲ್ಲಿ ಇಲ್ಲಿ ಮೊದಲ ಬಜೆಟ್ ಮಂಡಿಸಿ ಆದಾಯ ತೆರಿಗೆ ತಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ನಮ್ಮ ಆದಾಯ ತೆರಿಗೆ ಇಲಾಖೆ ಜುಲೈ 24ನ್ನು ಇವತ್ತಿಗೂ ಆಚರಿಸುವುದು ಆ ಕಾಯ್ದೆಯ ನೆನಪಿಗೆ. ಈ ವಿಷಯ ಕೇಳಿ ಮೂವರಿಗೂ ಆ ಪತ್ರಿಕೆ ಅಷ್ಟೇನೂ ದೂರದ್ದಲ್ಲ ಅನಿಸಿತು.

ಬರ್ಗರ್ ಲೆಕ್ಕ ಬಂದದ್ದು ಬಹಳ ತಡವಾಗಿ. 1986ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯ ಪ್ಯಾಮ್ ವುಡಾಲ್ ಅದನ್ನು ಅರ್ಧ ತಮಾಷೆಗೆ ಶುರು ಮಾಡಿದರು. ಹಿಂದಿನ ವಿಚಾರ ಮಾತ್ರ ತಮಾಷೆಯದ್ದಲ್ಲ. ಒಂದೇ ಸರಕಿಗೆ ಎರಡು ದೇಶದಲ್ಲಿ ಒಂದೇ ಬೆಲೆ ಬರುವ ಹಾಗೆ ವಿನಿಮಯ ದರ ಕಾಲಕ್ರಮದಲ್ಲಿ ಹೊಂದಿಕೊಳ್ಳಬೇಕು ಅನ್ನುವುದು ಕೊಳ್ಳುವ ಶಕ್ತಿಯ ಸಮಾನತೆ ಎಂಬ ಹಳೆಯ ಸಿದ್ಧಾಂತ. ಮ್ಯಾಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಇರುತ್ತದೆ. ಹಾಗಾಗಿ ಅದರ ಬೆಲೆ ಹೋಲಿಸಿದರೆ ಯಾವ ದೇಶದ ಹಣ ಅಗ್ಗ, ಯಾವುದು ದುಬಾರಿ ಅಂತ ಗೊತ್ತಾಗುತ್ತದೆ. ತಮಾಷೆಗೆ ಶುರುವಾದ ಲೆಕ್ಕ ಪಠ್ಯಪುಸ್ತಕ ಸೇರಿತು.

2018ರಲ್ಲಿ ಪತ್ರಿಕೆ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಅಂಕಿಅಂಶವನ್ನೂ ಲೆಕ್ಕ ಮಾಡುವ ಕೋಡನ್ನೂ ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ದುಡ್ಡು ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ, ಮೂಲ ಹೇಳಿದರೆ ಸಾಕು. ನಮ್ಮ ಹುಡುಗ ಕಾಲೇಜಿನ ಲ್ಯಾಬಿನಲ್ಲಿ ಕೂತು ಅದನ್ನು ಇಳಿಸಿದ. ಒಂದೊಂದು ಸಾಲಿನಲ್ಲಿ ದಿನಾಂಕ, ದೇಶ, ನಾಣ್ಯ, ಅಲ್ಲಿನ ಹಣದಲ್ಲಿ ಬರ್ಗರ್ ಬೆಲೆ, ಒಂದು ಡಾಲರ್‌ಗೆ ಆ ದಿನ ಎಷ್ಟು ಅನ್ನುವ ದರ, ಡಾಲರ್‌ನಲ್ಲಿ ಬೆಲೆ. ಮುಖ್ಯವಾದದ್ದು ಇಷ್ಟೆ. ಎಕ್ಸೆಲ್ ಬಂದರೆ ಸಾಕು, ಯಾರಾದರೂ ಲೆಕ್ಕ ಹಾಕಬಹುದು.

ಮೊದಲ ಲೆಕ್ಕ

2011ರ ಜುಲೈ. ಇಂಡಿಯಾದಲ್ಲಿ ಬರ್ಗರ್ 84 ರೂಪಾಯಿ. ಅಮೆರಿಕದಲ್ಲಿ 4.07 ಡಾಲರ್. 84ನ್ನು 4.07ರಿಂದ ಭಾಗಿಸಿದರೆ 20.6. ಅಂದರೆ ಬರ್ಗರ್ ಪ್ರಕಾರ ಒಂದು ಡಾಲರ್‌ಗೆ 20.6 ರೂಪಾಯಿ ಇರಬೇಕು. ಮಾರುಕಟ್ಟೆಯಲ್ಲಿ ಇದ್ದದ್ದು ಸುಮಾರು 44.4. ರೂಪಾಯಿ ಶೇ 54ರಷ್ಟು ಅಗ್ಗ.

2018ರ ಜುಲೈ. ಇಲ್ಲಿ 173 ರೂಪಾಯಿ, ಅಲ್ಲಿ 5.51 ಡಾಲರ್. ಬರ್ಗರ್ ದರ 31.4. ಮಾರುಕಟ್ಟೆ ದರ ಸುಮಾರು 68.8. ಮತ್ತೆ ಶೇ 54.

ವಿಡಿಯೊದವರ 30 ಚಿಲ್ಲರೆ ಬಂದದ್ದು ಇಲ್ಲಿಂದಲೇ. ಲೆಕ್ಕ ತಪ್ಪಿಲ್ಲ. ಮೂವರೂ ಖುಷಿಯಾಗಿ ಬಂದರು. "ಸರ್, ಸರಿಯಾಗೇ ಇದೆ. ಅರ್ಧಕ್ಕಿಂತ ಜಾಸ್ತಿ ಮೋಸ" ಅಂದಳು ಒಬ್ಬಳು. ನಾನು ಕೇಳಿದ್ದು ಇಷ್ಟೇ. ಇಂಡಿಯಾದ ಸಾಲಿನಲ್ಲಿ ಇರುವುದು ಯಾವ ಬರ್ಗರ್?

ಬಿಗ್ ಮ್ಯಾಕ್ ಅಂದರೆ ದನದ ಮಾಂಸದ ಬರ್ಗರ್. 1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಇಂಡಿಯಾಕ್ಕೆ ಬಂದಾಗ ಇಲ್ಲಿ ದನದ ಮಾಂಸವನ್ನೂ ಹಂದಿ ಮಾಂಸವನ್ನೂ ಮಾರುವುದಿಲ್ಲ ಅಂತ ನಿರ್ಧರಿಸಿಯೇ ಬಂದಿತ್ತು. ಬದಲಿಗೆ ಮಹಾರಾಜ ಮ್ಯಾಕ್. ಮೊದಲು ಕುರಿ ಮಾಂಸದ್ದು, ಆಮೇಲೆ ಕೋಳಿಯದ್ದು. ಪತ್ರಿಕೆ ಇದನ್ನು ಮುಚ್ಚಿಟ್ಟಿಲ್ಲ. 2011ರ ಕೋಷ್ಟಕದ ಕೆಳಗೆ ಚಿಕ್ಕ ಅಕ್ಷರದಲ್ಲಿ ಇಂಡಿಯಾದ್ದು ಮಹಾರಾಜ ಮ್ಯಾಕ್ ಅಂತ ಬರೆದಿದೆ. ಅಮೆರಿಕದ ಬೆಲೆ ಅಟ್ಲಾಂಟಾ, ಷಿಕಾಗೊ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಈ ನಾಲ್ಕು ಊರುಗಳ ಸರಾಸರಿ ಅಂತಲೂ ಇದೆ. ಆದರೆ ಕಡತದ ಸಾಲಿಗೆ ಬರುವಾಗ ಆ ಅಡಿಟಿಪ್ಪಣಿ ಕಳಚಿಕೊಳ್ಳುತ್ತದೆ. ಸಾಲಿನಲ್ಲಿ 'ಇಂಡಿಯಾ, 84' ಅಂತ ಮಾತ್ರ ಉಳಿಯುತ್ತದೆ. ಕೋಳಿಯೋ ದನವೋ, ಅಂಗಡಿ ಯಾವ ಊರಿನದೋ ಸಾಲಿಗೆ ಗೊತ್ತಿಲ್ಲ.

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಾಜೆಕ್ಟ್‌ಗೆ ಜೀವ ಬಂದದ್ದು ಈ ಕ್ಷಣದಲ್ಲಿ. ಮೂವರೂ ಒಂದು ಹಾಳೆ ತೆಗೆದುಕೊಂಡು ಕಡತದ ಪ್ರತಿ ಕಾಲಮ್ಮಿಗೂ ಎದುರಾಗಿ 'ಇದು ಯಾವುದು, ಎಲ್ಲಿಯದು, ಯಾರು ಹೇಳಿದ್ದು' ಅಂತ ಬರೆಯಲು ಶುರು ಮಾಡಿದರು.

ಮಟ್ಟ ಬೇರೆ, ಬದಲಾವಣೆ ಬೇರೆ

ಬರ್ಗರ್ ಒಂದೇ ವಸ್ತು. ಎಲ್ಲ ವಸ್ತುಗಳನ್ನೂ ಸೇರಿಸಿ ನೋಡಿದರೆ? ಅದಕ್ಕೆ ವಿಶ್ವಬ್ಯಾಂಕ್ ಮುಂದೆ ನಿಂತು ನಡೆಸುವ ಅಂತರರಾಷ್ಟ್ರೀಯ ಹೋಲಿಕೆಯ ಲೆಕ್ಕ ಇದೆ. ಅದರ ಪ್ರಕಾರ 2011ರಲ್ಲಿ ಒಂದು ಡಾಲರ್‌ಗೆ 15.55 ರೂಪಾಯಿ ಸಮ. 2017ರಲ್ಲಿ 20.65. ಆ ವರ್ಷಗಳ ಸರಾಸರಿ ಮಾರುಕಟ್ಟೆ ದರ 46.67 ಮತ್ತು 65.12.

ಇಲ್ಲಿ ಒಂದು ಸ್ವಾರಸ್ಯ ಇದೆ. ಬರ್ಗರ್ 20.6 ಅಂದಾಗ ಎಲ್ಲ ವಸ್ತುಗಳ ಇಡೀ ಬುಟ್ಟಿ 15.55 ಅನ್ನುತ್ತದೆ. ಅಂದರೆ ಇಂಡಿಯಾದ ಬೇರೆ ವಸ್ತುಗಳಿಗೆ ಹೋಲಿಸಿದರೆ ಬರ್ಗರ್ ಇಲ್ಲಿ ದುಬಾರಿ. ಯಾಕೆ ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಟಿಂಗ್ ಶಾಪ್, ಬಸ್ಸು, ಮನೆ ಬಾಡಿಗೆ, ಟ್ಯೂಷನ್ನು, ಎಲ್ಲವೂ ನಮ್ಮಲ್ಲಿ ಕೂಲಿ ಕಡಿಮೆ ಇರುವುದರಿಂದ ಅಗ್ಗ. ಬರ್ಗರ್ ಮಾರುವುದು ಎಸಿ ಹಾಕಿದ ಅಂಗಡಿಯಲ್ಲಿ, ದೊಡ್ಡ ಬಾಡಿಗೆ ಕೊಟ್ಟು. ಅಮೆರಿಕದಲ್ಲಿ ಅದು ಕೆಲಸದವರ ಮಧ್ಯಾಹ್ನದ ಊಟ. ಇಲ್ಲಿ ಹುಟ್ಟುಹಬ್ಬದ ಪಾರ್ಟಿ.

ಅಗ್ಗ ಇರುವುದಕ್ಕೂ ಮೋಸಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ಪತ್ರಿಕೆಯೇ ಒಪ್ಪಿಕೊಂಡಿದೆ. ಬಡ ದೇಶದಲ್ಲಿ ಕೂಲಿ ಕಡಿಮೆ, ಹಾಗಾಗಿ ಬರ್ಗರ್ ಅಗ್ಗ ಇರುವುದು ಸಹಜ. ಅದಕ್ಕೆ 2011ರಿಂದ ತಲಾ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಇನ್ನೊಂದು ಸೂಚ್ಯಂಕ ಕೊಡುತ್ತಿದೆ. ಒಂದು ಕಡೆ ಆದಾಯ, ಇನ್ನೊಂದು ಕಡೆ ಬರ್ಗರ್ ಬೆಲೆ ಇಟ್ಟು ಗೆರೆ ಎಳೆಯುತ್ತಾರೆ. ಒಂದು ದೇಶ ಆ ಗೆರೆಯಿಂದ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಅಂತ ನೋಡುತ್ತಾರೆ. ಎರಡೂ ಲೆಕ್ಕ ಅದೇ ಗಿಟ್‌ಹಬ್ ಜಾಗದಲ್ಲೇ ಸಿಗುತ್ತವೆ. ವಿಡಿಯೊ ಮಾಡಿದವರು ಮೊದಲನೆಯದನ್ನು ನೋಡಿ ನಿಲ್ಲಿಸಿದ್ದರು.

ಹಾಗಾದರೆ ಮೊದಲ ಲೆಕ್ಕ ಬರೀ ಸುಳ್ಳಾ? ಇಲ್ಲಿ ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ. ಮಟ್ಟವನ್ನು ಬಿಟ್ಟು ಬದಲಾವಣೆಯನ್ನು ನೋಡಿದ. 2011ರಿಂದ 2018ಕ್ಕೆ ಬರ್ಗರ್ ದರ 20.6ರಿಂದ 31.4ಕ್ಕೆ ಬಂತು. ಏರಿಕೆ ಶೇ 52. ಮಾರುಕಟ್ಟೆ ದರ 44.4ರಿಂದ 68.8ಕ್ಕೆ ಬಂತು. ಏರಿಕೆ ಶೇ 55. ಎಷ್ಟು ಹತ್ತಿರ ಇದೆ ನೋಡಿ! ಇಲ್ಲಿ ಬೆಲೆಗಳು ಅಮೆರಿಕಕ್ಕಿಂತ ಎಷ್ಟು ಜೋರಾಗಿ ಏರಿದವೋ ರೂಪಾಯಿ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಇದೇ ಪರೀಕ್ಷೆಯನ್ನು ಇಡೀ ಬುಟ್ಟಿಗೆ ಮಾಡಿದರೆ 15.55ರಿಂದ 20.65ಕ್ಕೆ ಶೇ 33, ಮಾರುಕಟ್ಟೆ ದರದ್ದು ಶೇ 40. ಅಷ್ಟು ಹತ್ತಿರ ಇಲ್ಲ, ಆದರೂ ದಿಕ್ಕು ಅದೇ.

ಎರಡೇ ಬಿಂದು ಇಟ್ಟುಕೊಂಡು ಗೆರೆ ಎಳೆದರೆ ಯಾವುದಾದರೂ ನೇರ ಬರುತ್ತದೆ, ಅಲ್ವಾ? ಅದಕ್ಕೆ ನಡುವಿನ ಸಾಲುಗಳನ್ನೂ ಹಾಕಿಸಿದೆ. ಆಗ ಗೆರೆ ಅಷ್ಟು ಚೆನ್ನಾಗಿ ಬರಲಿಲ್ಲ. ಬರ್ಗರ್ ಬೆಲೆ ಕೆಲವು ಸಲ ಹಾಗೇ ನಿಂತು ಆಮೇಲೆ ಒಮ್ಮೆಲೇ ಏರುತ್ತದೆ. ಡಾಲರ್ ದರ ದಿನಾ ಅಲ್ಲಾಡುತ್ತದೆ. ಹಾಗಾಗಿ ಆರು ತಿಂಗಳ ಹೋಲಿಕೆಗೆ ಈ ಲೆಕ್ಕ ಬರುವುದಿಲ್ಲ. ಏಳೆಂಟು ವರ್ಷಕ್ಕೆ ಒಂದಷ್ಟು ಹೇಳುತ್ತದೆ. ಶೀರ್ಷಿಕೆಯಲ್ಲಿದ್ದ 'ನಿಜವಾದ ಬೆಲೆ' ಅನ್ನುವ ಮಾತನ್ನು ಅವರೇ ಹೊಡೆದು ಹಾಕಿದರು.

ಮಂಡ್ಯದ ಬುಟ್ಟಿ

ಪ್ರಾಜೆಕ್ಟ್ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಹುಡುಗಿಯರಿಗೆ ತೃಪ್ತಿ ಇರಲಿಲ್ಲ. "ಸರ್, ನಮ್ಮೂರಲ್ಲಿ ಯಾರೂ ತಿನ್ನದೇ ಇರೋದರ ರೇಟು ಇಟ್ಕೊಂಡು ನಮ್ಮ ರೂಪಾಯಿ ಲೆಕ್ಕ ಮಾಡೋದ್ಯಾಕೆ? ನಾವೇ ಒಂದು ಮಾಡೋಣ" ಅಂದರು. ನನಗೆ ಬಹಳ ಸಂತೋಷವಾಯಿತು. ಮಂಡ್ಯದಲ್ಲಿ ಒಂದು ಮುದ್ದೆ ಊಟಕ್ಕೆ ಹತ್ತು ವರ್ಷದ ಹಿಂದೆ ಎಷ್ಟಿತ್ತು ಅಂತ ಬರೆದಿಟ್ಟವರು ಯಾರಿದ್ದಾರೆ? ಲಂಡನ್ನಿನ ಪತ್ರಿಕೆ ಜಗತ್ತಿನ ಬರ್ಗರ್ ಬೆಲೆಯನ್ನು 1986ರಿಂದ ಬರೆದಿಟ್ಟಿದೆ. ನಮ್ಮ ತಟ್ಟೆಯ ಬೆಲೆಯನ್ನು ನಾವೇ ಬರೆದಿಟ್ಟಿಲ್ಲ.

ಪಟ್ಟಿಗೆ ಸೇರಿದ್ದು ಮುದ್ದೆ ಊಟ, ಮಸಾಲೆ ದೋಸೆ, ಮದ್ದೂರು ವಡೆ, ಕಾಫಿ, ಟೊಮೆಟೊ, ತೊಗರಿಬೇಳೆ, ಬೆಲ್ಲ, ಕಟಿಂಗ್, ಬಸ್ ಟಿಕೆಟ್. ಪೇಟೆ ಬೀದಿ, ವಿ.ವಿ. ರಸ್ತೆ, ನೂರಡಿ ರಸ್ತೆಗಳಲ್ಲಿ ಸುತ್ತಿದರು. ಒಬ್ಬಳು ಪಾಂಡವಪುರದ ಕಡೆಯವಳು, ಒಬ್ಬಳು ಮದ್ದೂರಿನವಳು. ಅಲ್ಲಿನ ರೇಟುಗಳನ್ನೂ ತಂದರು. ಹಳೆಯ ಬೆಲೆಗೆ ಮನೆಯವರ ಲೆಕ್ಕದ ಪುಸ್ತಕ, ಅಂಗಡಿ ಚೀಟಿ, ಹಳೆಯ ದಿನಪತ್ರಿಕೆಯ ಮಾರುಕಟ್ಟೆ ಧಾರಣೆ.

ಬೆಲ್ಲದಲ್ಲೇ ಮೊದಲ ತೊಡಕು ಬಂತು. ಪಾಂಡವಪುರದವಳ ಅಪ್ಪ ಕಬ್ಬು ಬೆಳೆಯುತ್ತಾರೆ, ಆಲೆಮನೆಗೆ ಹೊಡೆಯುತ್ತಾರೆ. ಹುಡುಗ ಪಟ್ಟಿಯಲ್ಲಿ 'ಬೆಲ್ಲ' ಅಂತ ಒಂದೇ ಸಾಲು ಹಾಕಿದ್ದ. ಅವಳು ಅದನ್ನು ನೋಡಿದ ಕೂಡಲೇ "ಯಾವ ಬೆಲ್ಲ?" ಅಂದಳು. ಮಂಡ್ಯದ ಎಪಿಎಂಸಿಯಲ್ಲಿ ಅಚ್ಚು ಬೆಲ್ಲಕ್ಕೆ ಒಂದು ರೇಟು, ಕುರಿಕಾಟು ಬೆಲ್ಲಕ್ಕೆ ಒಂದು, ಬಕೆಟ್ ಬೆಲ್ಲಕ್ಕೆ ಇನ್ನೊಂದು. ಬಣ್ಣ ಕಪ್ಪಾದರೆ ಒಂದು ರೇಟು, ಬಿಳಿಚಿದ್ದರೆ ಒಂದು. ಪ್ರತಿಯೊಂದಕ್ಕೂ ಆ ದಿನದ ಕನಿಷ್ಠ, ಗರಿಷ್ಠ, ಮತ್ತು ಜಾಸ್ತಿ ಮಾಲು ಹೋದ ಬೆಲೆ ಅಂತ ಮೂರು ಅಂಕಿ. ಕೋಳಿ ಬರ್ಗರ್ ಅನ್ನು ಬಿಗ್ ಮ್ಯಾಕ್ ಅಂತ ಬರೆದದ್ದನ್ನು ಎತ್ತಿ ಆಡಿದವರೇ ಈಗ ಇಷ್ಟು ಥರದ ಬೆಲ್ಲವನ್ನು ಒಂದೇ ಸಾಲಿಗೆ ತುರುಕಲು ಹೊರಟಿದ್ದರು. ಪತ್ರಿಕೆಯವರ ಕಷ್ಟ ಏನು ಅಂತ ಆಗ ಅವರಿಗೆ ಅರ್ಥವಾಯಿತು. ಅಚ್ಚು ಬೆಲ್ಲ ಮಾತ್ರ, ಜಾಸ್ತಿ ಮಾಲು ಹೋದ ಬೆಲೆ ಮಾತ್ರ ಅಂತ ತೀರ್ಮಾನವಾಯಿತು. ತೀರ್ಮಾನವನ್ನು ಟಿಪ್ಪಣಿಯ ಕಾಲಮ್ಮಿನಲ್ಲಿ ಬರೆದರು.

ಮುದ್ದೆ ಊಟದ ವಿಷಯ ಇನ್ನೂ ಚೆನ್ನಾಗಿದೆ. ಒಂದು ಸಣ್ಣ ಮೆಸ್. ನಡೆಸುವವರು ಒಬ್ಬ ಹೆಂಗಸು. ಹುಡುಗರು ಅಕ್ಕ ಅಂತಲೇ ಕರೆಯುವುದು. ಊಟದ ಹೊತ್ತು ಮುಗಿದ ಮೇಲೆ ಹೋಗಿ, "ಅಕ್ಕಾ, ಹೋದ ಮೂರು ವರ್ಷದಲ್ಲಿ ಊಟದ ರೇಟು ಎಷ್ಟು ಸಲ ಏರಿಸಿದ್ರಿ?" ಅಂತ ಕೇಳಿದರು. ಅವರು ತಟ್ಟೆ ಒರೆಸುತ್ತಲೇ ಹೇಳಿದರು: "ರೇಟು ಬೋರ್ಡಲ್ಲಿ ಬರ್ಸಿದ್ಮೇಲೆ ಬರ್ಸಿದ್ದೆ ಕಣಪ್ಪ. ಹಂಗೆಲ್ಲಾ ಏರ್ಸಕಾಗಲ್ಲ, ಗಿರಾಕಿ ಪಕ್ಕದ ಮೆಸ್ಸಿಗೆ ಹೋಯ್ತಾರೆ. ಬೇಳೆ ಮೇಲಕ್ಕೋದ್ರೆ ಸಾರು ತೆಳ್ಳಗಾಯ್ತದೆ, ಅಷ್ಟೆ. ಎರಡ್ನೇ ಮುದ್ದೆಗೆ ಬೇರೆ ದುಡ್ಡು ಇಸ್ಕೊಳ್ತೀವಿ."

ಬೆಲೆ ಸೂಚ್ಯಂಕದ ಬಗ್ಗೆ ನಾನು ತರಗತಿಯಲ್ಲಿ ಎಷ್ಟು ಪಾಠ ಮಾಡಿದರೂ ಈ ಮಾತಿನಷ್ಟು ಸ್ಪಷ್ಟವಾಗಿ ಹೇಳಲು ಆಗುವುದಿಲ್ಲ. ಬೋರ್ಡಿನ ಮೇಲಿನ ಅಂಕಿ ಬದಲಾಗಿಲ್ಲ. ಆದರೆ ಕೊಟ್ಟ ದುಡ್ಡಿಗೆ ಸಿಗುವುದು ಕಡಿಮೆಯಾಗಿದೆ. ಕಡತದಲ್ಲಿ ಏರಿಕೆ ಸೊನ್ನೆ, ಹೊಟ್ಟೆಗೆ ಸೊನ್ನೆ ಅಲ್ಲ. ಸರ್ಕಾರಿ ಸಂಖ್ಯಾಶಾಸ್ತ್ರಜ್ಞರು ಗುಣಮಟ್ಟದ ಹೊಂದಾಣಿಕೆ ಅಂತ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ನಮ್ಮವರು ಅದಕ್ಕೊಂದು ಸರಳ ದಾರಿ ಹುಡುಕಿದರು. ಅವರ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: ತಾರೀಕು, ಮೆಸ್ ಇರುವ ರಸ್ತೆ, 'ಊಟ, ಒಂದು ಮುದ್ದೆ, ಅನ್ನ ಒಂದು ಸಲ', ಬೆಲೆ, ಕೊನೆಗೆ ಪೆನ್ಸಿಲ್‌ನಲ್ಲಿ 'ಸಾರು ತೆಳು, ಪಲ್ಯ ಇಲ್ಲ'. ಮುದ್ದೆಯನ್ನು ತೂಕ ಮಾಡಲು ಒಂದು ಚಿಕ್ಕ ತಕ್ಕಡಿಯನ್ನೂ ಕೊಂಡರು. ಅದನ್ನು ತಟ್ಟೆಯ ಪಕ್ಕ ಇಟ್ಟಾಗ ಅಕ್ಕನಿಗೆ ನಗು.

ಟೊಮೆಟೊ, ಹತ್ತಿ, ಮತ್ತು ಸೊನ್ನೆ ಟಿಕೆಟ್

ಬೆಲೆ ಸೇರಿಸಿ ಒಂದು ಸೂಚ್ಯಂಕ ಮಾಡುವ ಹೊತ್ತಿಗೆ ನಿಜವಾದ ಕಷ್ಟ ಶುರುವಾಯಿತು. ಪ್ರತಿ ವಸ್ತು ಎಷ್ಟು ಪಟ್ಟು ಏರಿತು ಅಂತ ನೋಡಿ ಸುಮ್ನೆ ಸರಾಸರಿ ತೆಗೆದರು. 2023ರ ಜುಲೈನ ಸಾಲಿಗೆ ಬಂದಾಗ ಮಂಡ್ಯದ ಜೀವನ ಒಮ್ಮೆಲೇ ಭಯಂಕರ ದುಬಾರಿ ಆಗಿಬಿಟ್ಟಿತ್ತು! ಕಾರಣ ಟೊಮೆಟೊ. ಆ ತಿಂಗಳು ಕೆಜಿಗೆ 100 ರೂಪಾಯಿ ದಾಟಿದ್ದು ಯಾರಿಗೆ ನೆನಪಿಲ್ಲ? ಒಂದು ಟೊಮೆಟೊ ಇಡೀ ಪಟ್ಟಿಯನ್ನು ಮೇಲಕ್ಕೆ ಎಳೆದಿತ್ತು. ಮನೆಯಲ್ಲಿ ಆಗ ಟೊಮೆಟೊ ಬಿಟ್ಟು ಹುಣಸೆಹಣ್ಣಿನ ಸಾರು ಮಾಡಿದ್ದರು ಅನ್ನುವುದು ಲೆಕ್ಕಕ್ಕೆ ಗೊತ್ತಿಲ್ಲ.

ಇದೇ ಪತ್ರಿಕೆ ಇದೇ ಮುಳ್ಳನ್ನು ತುಳಿದಿತ್ತು, ನೂರೈವತ್ತು ವರ್ಷಕ್ಕೂ ಹಿಂದೆ. ವಾಲ್ಟರ್ ಬೇಜಟ್ ಸಂಪಾದಕರಾಗಿದ್ದ 1860ರ ದಶಕದಲ್ಲಿ ವಿಲಿಯಂ ನ್ಯೂಮಾರ್ಚ್ ಎಂಬುವರು ಅದರಲ್ಲಿ ಸಗಟು ಬೆಲೆಗಳ ಸೂಚ್ಯಂಕ ಕೊಡಲು ಶುರು ಮಾಡಿದರು. ಒಟ್ಟು 22 ಸರಕು. 1845ರಿಂದ 1850ರವರೆಗಿನ ಸರಾಸರಿ ಬೆಲೆಯನ್ನು ಪ್ರತಿಯೊಂದಕ್ಕೂ 100 ಅಂತ ಇಟ್ಟು ಎಲ್ಲವನ್ನೂ ಕೂಡುವುದು. ಹಾಗಾಗಿ ಆಧಾರ ಅಂಕಿ 2200. ಪಟ್ಟಿಯಲ್ಲಿ ಕಾಫಿ, ಸಕ್ಕರೆ, ಚಹಾ, ಕಚ್ಚಾ ರೇಷ್ಮೆ, ಬಟ್ಟೆಗೆ ಹಾಕುವ ನೀಲಿ ಬಣ್ಣ ಎಲ್ಲ ಇದ್ದವು. ಮೈಸೂರು ಸೀಮೆಯವರಿಗೆ ಗೊತ್ತಿರುವ ಸರಕುಗಳೇ. ಆದರೆ 22ರಲ್ಲಿ ನಾಲ್ಕು ಸ್ಥಾನ ಹತ್ತಿ, ನೂಲು, ಬಟ್ಟೆಗೇ ಹೋಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಹತ್ತಿ ಬರುವುದು ನಿಂತು ಬೆಲೆ ಆಕಾಶಕ್ಕೇರಿತು. ಸೂಚ್ಯಂಕವೂ ಅದರ ಜೊತೆಗೇ ಹಾರಿತು. ಬೇರೆ ಸರಕು ಅಷ್ಟೇನೂ ಏರದಿದ್ದರೂ ಇಡೀ ಮಾರುಕಟ್ಟೆ ದುಬಾರಿ ಆದ ಹಾಗೆ ಕಾಣುತ್ತಿತ್ತು. ಮುಂದಿನ ಸಂಖ್ಯಾಶಾಸ್ತ್ರಜ್ಞರು ಈ ದೋಷವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. ಯಾವುದಕ್ಕೂ ತೂಕ, ಅಂದರೆ ಲೆಕ್ಕದಲ್ಲಿ ಹೆಚ್ಚಿನ ಪ್ರಾಮುಖ್ಯ, ಕೊಟ್ಟಿಲ್ಲ ಅಂತ ನಾವು ಅಂದುಕೊಂಡಾಗಲೂ ಪಟ್ಟಿ ಮಾಡುವಾಗಲೇ ತೂಕ ಕೊಟ್ಟಾಗಿರುತ್ತದೆ. ನಾಲ್ಕು ಸಲ ಬರೆದದ್ದಕ್ಕೆ ನಾಲ್ಕು ಪಟ್ಟು.

ಒಂದು ವಸ್ತುವಿನ ಜಿಗಿತ ಸರಾಸರಿಯನ್ನು ಕೆಡಿಸದ ಹಾಗೆ ನೋಡಿಕೊಳ್ಳಲು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವನ್ಸ್ 1863ರಲ್ಲೇ ಗುಣೋತ್ತರ ಸರಾಸರಿ ಬಳಸಿದ್ದರು. ಅಂದರೆ ಕೂಡಿ ಭಾಗಿಸುವ ಬದಲು ಎಲ್ಲವನ್ನೂ ಗುಣಿಸಿ, ವರ್ಗಮೂಲ ತೆಗೆಯುವ ಹಾಗೆ, ಎಷ್ಟು ವಸ್ತು ಇವೆಯೋ ಅಷ್ಟನೆಯ ಮೂಲ ತೆಗೆಯುವುದು. ನಮ್ಮವರು ಅದನ್ನೇ ಹಿಡಿದರು. ಟೊಮೆಟೊ ಸುಮ್ಮನಾಯಿತು. ಆಮೇಲೆ ನೋಡಿದರೆ ಸೂಚ್ಯಂಕ ಸೊನ್ನೆ ಬಂದಿದೆ! ಇಡೀ ಮಂಡ್ಯದಲ್ಲಿ ಎಲ್ಲವೂ ಪುಕ್ಕಟೆ!

ಅದಕ್ಕೆ ಕಾರಣ ಬಸ್ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮದ್ದೂರಿನವಳು ತನ್ನ ಟಿಕೆಟ್ಟನ್ನು ನೋಡಿ ಪ್ರಾಮಾಣಿಕವಾಗಿ 0 ಅಂತ ಬರೆದಿದ್ದಳು. ಗುಣಿಸುವ ಲೆಕ್ಕದಲ್ಲಿ ಒಂದು ಸೊನ್ನೆ ಸಾಕು, ಎಲ್ಲವೂ ಸೊನ್ನೆ. ಹುಡುಗ ತನ್ನ ಟಿಕೆಟ್ ತೋರಿಸಿ "ನನ್ನ ರೇಟು ಹಾಕು, ಅದು ಸರಿ" ಅಂದ. ಅವಳು ಬಿಡಲಿಲ್ಲ. "ನಾನು ದಿನಾ ಬರೋದು ಸುಳ್ಳಾ? ನಮ್ಮಮ್ಮ ಆಸ್ಪತ್ರೆಗೆ ಹೋಗೋದು ಸುಳ್ಳಾ?" ಇಬ್ಬರದೂ ನಿಜ. ಒಂದೇ ಬಸ್ಸು, ಒಂದೇ ಸೀಟು, ಎರಡು ಬೆಲೆ. ಜೆವನ್ಸ್ ಈ ಪರಿಸ್ಥಿತಿಯನ್ನು ಊಹಿಸಿರಲಿಕ್ಕಿಲ್ಲ.

ಇದರ ಬಗ್ಗೆ ಬಹಳ ಹೊತ್ತು ಮಾತಾಡಿದೆವು. ಸೊನ್ನೆಯ ಜಾಗದಲ್ಲಿ ಒಂದು ರೂಪಾಯಿ ಹಾಕಿ ಲೆಕ್ಕ ಮುಗಿಸಬಹುದು ಅಂತ ಒಬ್ಬರು ಅಂದರು. ನಾನು ಬೇಡ ಅಂದೆ. ಹಾಗೆ ಮಾಡಿದರೆ ಅಂಕಿ ನಮ್ಮ ಮಾತು ಕೇಳುತ್ತದೆ, ಆದರೆ ಇಲ್ಲದ ಬೆಲೆಯನ್ನು ಹುಟ್ಟಿಸಿದ ಹಾಗಾಗುತ್ತದೆ. ಕೊನೆಗೆ ಟಿಕೆಟ್ಟನ್ನು ಸೂಚ್ಯಂಕದಿಂದ ಹೊರಗಿಟ್ಟರು. ಗಂಡಸರ ದರ, ಹೆಂಗಸರ ದರ ಅಂತ ಎರಡು ಸಾಲು ಬೇರೆಯಾಗಿ ಬರೆದರು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದಾಗ ಮೊದಲ ಸಾಲು ಏರಿತು, ಎರಡನೆಯದು ಹಾಗೇ ಇತ್ತು. ಎರಡೂ ಅಕ್ಕಪಕ್ಕ ಇದ್ದರೆ ಯಾವ ಸೂಚ್ಯಂಕವೂ ಹೇಳದ ವಿಷಯ ಕಾಣುತ್ತದೆ.

ಉಳಿದ ವಸ್ತುಗಳಿಗೆ ತೂಕ ಬೇಕಿತ್ತು. ಗ್ರಾಹಕ ಬೆಲೆ ಸೂಚ್ಯಂಕದ 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಕ್ಕೆ ಹಳ್ಳಿಯಲ್ಲಿ ಶೇ 54.18, ಪಟ್ಟಣದಲ್ಲಿ ಶೇ 36.29 ತೂಕ. ಮಂಡ್ಯ ಯಾವುದಕ್ಕೆ ಸೇರುತ್ತದೆ? ಊರೊಳಗೆ ಪಟ್ಟಣ, ಎರಡು ಮೈಲಿ ಆಚೆಗೆ ಗದ್ದೆ. ಅವರು ಎರಡೂ ತೂಕ ಹಾಕಿ ಎರಡು ಸೂಚ್ಯಂಕ ಕೊಟ್ಟರು. ಒಂದೇ ಅಂಕಿ ಬೇಕು ಅಂತ ನಾನು ಹಟ ಮಾಡಲಿಲ್ಲ.

ಬೆಲೆಯೇ ಸುಳ್ಳು ಹೇಳಿದಾಗ

ಇಲ್ಲಿಯವರೆಗಿನ ತೊಡಕುಗಳಲ್ಲಿ ಯಾರದೂ ಕೆಟ್ಟ ಉದ್ದೇಶ ಇರಲಿಲ್ಲ. ಉದ್ದೇಶಪೂರ್ವಕವಾಗಿ ಅಂಕಿ ತಿರುಚಿದ ಒಂದು ದೊಡ್ಡ ಉದಾಹರಣೆಯೂ ಈ ಕಡತದ ಕಥೆಯಲ್ಲೇ ಇದೆ. ಅದನ್ನು ವರದಿಯಲ್ಲಿ ಸೇರಿಸಲೇಬೇಕು ಅಂತ ಒತ್ತಾಯ ಮಾಡಿದ್ದು ನಾನು.

ಅರ್ಜೆಂಟೀನಾದಲ್ಲಿ 2007ರ ಜನವರಿಯಲ್ಲಿ ಸರ್ಕಾರಿ ಸಂಖ್ಯಾ ಸಂಸ್ಥೆಯಲ್ಲಿ ಬೆಲೆ ಸೂಚ್ಯಂಕ ನೋಡಿಕೊಳ್ಳುತ್ತಿದ್ದ ಗ್ರಾಸಿಯೆಲಾ ಬೆವಾಕ್ವಾ ಅವರನ್ನು ಆ ಜಾಗದಿಂದ ತೆಗೆದರು. ಅಲ್ಲಿಂದ ಮುಂದೆ ಅಧಿಕೃತ ಹಣದುಬ್ಬರಕ್ಕೂ ಅಂಗಡಿಯ ಬೆಲೆಗೂ ತಾಳೆಯೇ ಆಗಲಿಲ್ಲ. 2011ರ ಆರಂಭದಲ್ಲಿ 'ದಿ ಎಕನಾಮಿಸ್ಟ್' ತನ್ನ ಬರ್ಗರ್ ಕಡತವನ್ನೇ ಸಾಕ್ಷಿಯಾಗಿ ಇಟ್ಟಿತು. ಅಲ್ಲಿ ಬರ್ಗರ್ ಸರಾಸರಿ ವರ್ಷಕ್ಕೆ ಶೇ 19ರಷ್ಟು ಏರಿದೆ, ಸರ್ಕಾರ ಹೇಳುವುದು ಶೇ 10. ಅದೇ ಹೊತ್ತಿನಲ್ಲಿ ಆ ದೇಶದಲ್ಲಿ ಬಿಗ್ ಮ್ಯಾಕ್ ಬೆಲೆ ಮಾತ್ರ ಉಳಿದ ಬರ್ಗರ್‌ಗಳಿಗಿಂತ ವಿಚಿತ್ರವಾಗಿ ಕಡಿಮೆ ಇತ್ತು. ಸೂಚ್ಯಂಕ ಚೆನ್ನಾಗಿ ಕಾಣಲಿ ಅಂತ ಸರ್ಕಾರದ ಒತ್ತಡ ಇದೆ ಅನ್ನುವ ವರದಿಗಳು ಬಂದವು. 2012ರ ಫೆಬ್ರುವರಿಯಲ್ಲಿ ಪತ್ರಿಕೆ ಆ ದೇಶದ ಅಧಿಕೃತ ಹಣದುಬ್ಬರದ ಅಂಕಿಯನ್ನು ತನ್ನ ಕೋಷ್ಟಕದಿಂದಲೇ ತೆಗೆದು ಹಾಕಿತು. ಸ್ವತಂತ್ರ ಸಂಸ್ಥೆಯೊಂದರ ಅಂಕಿಯನ್ನು ಹಾಕಲು ಶುರು ಮಾಡಿತು. ಮರುವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಕೂಡ ಅರ್ಜೆಂಟೀನಾಕ್ಕೆ ಛೀಮಾರಿ ಹಾಕಿತು. ಅಂಕಿಅಂಶದ ಕಾರಣಕ್ಕೆ ಐಎಂಎಫ್ ಒಂದು ದೇಶಕ್ಕೆ ಹಾಗೆ ಮಾಡಿದ್ದು ಅದೇ ಮೊದಲು.

ನನಗೆ ಈ ಘಟನೆಯಲ್ಲಿ ದೊಡ್ಡದಾಗಿ ಕಾಣುವುದು ಒಂದು ಪತ್ರಿಕೆ ವರ್ಷಗಟ್ಟಲೆ ಒಂದೇ ವಸ್ತುವಿನ ಬೆಲೆಯನ್ನು ತಪ್ಪದೆ ಬರೆದಿಟ್ಟ ಶಿಸ್ತು. ಆ ಸಾಲುಗಳು ಇರದೇ ಇದ್ದಿದ್ದರೆ ಶೇ 19 ಅಂತ ಹೇಳಲು ಅವರಿಗೂ ಆಗುತ್ತಿರಲಿಲ್ಲ. ತಮಾಷೆಗೆ ಶುರುವಾದ ಕಡತ ಒಂದು ಸರ್ಕಾರದ ಅಂಕಿಗೆ ಎದುರು ನಿಂತಿತು. ಮಂಡ್ಯದ ನೋಟ್‌ಬುಕ್ ಯಾವತ್ತೂ ಅಂಥ ಕೆಲಸಕ್ಕೆ ಬರದೇ ಇರಬಹುದು. ಆದರೆ ಬರೆದಿಡದೇ ಇದ್ದರೆ ಬರುವ ಸಾಧ್ಯತೆಯೇ ಇಲ್ಲ.

ವೈವಾ ಮತ್ತು ಆಮೇಲೆ

ವೈವಾಗೆ ಬಂದ ಪರೀಕ್ಷಕರು ಹಾಳೆ ತಿರುವಿ ನೋಡಿ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ: "ಇಷ್ಟೆಲ್ಲ ಮಾಡಿದ್ದೀರಲ್ಲ, ಕೊನೆಗೆ ಒಂದು ಡಾಲರ್‌ಗೆ ಎಷ್ಟು ರೂಪಾಯಿ ಇರಬೇಕು?"

ಪಾಂಡವಪುರದವಳು ಉತ್ತರ ಕೊಟ್ಟಳು. "ಯಾವ ಕೆಲಸಕ್ಕೆ ಸರ್? ನನ್ನ ತಮ್ಮ ಅಮೆರಿಕದಲ್ಲಿ ಓದೋಕೆ ಫೀಸ್ ಕಟ್ಟಬೇಕು ಅಂದ್ರೆ ಬ್ಯಾಂಕಿನ ರೇಟೇ, ಬೇರೆ ದಾರಿ ಇಲ್ಲ. ಇಲ್ಲಿನ ಸಂಬಳದಲ್ಲಿ ಇಲ್ಲಿ ಹೇಗೆ ಬದುಕ್ತೀವಿ ಅಂತ ನೋಡೋಕೆ ವಿಶ್ವಬ್ಯಾಂಕಿನ 20.65 ಹತ್ತಿರ, ಅದೂ 2017ಕ್ಕೆ. ರೂಪಾಯಿ ಯಾಕೆ ಇಳೀತಿದೆ ಅಂತ ನೋಡೋಕೆ ಬರ್ಗರ್‌ನ ಏರಿಕೆ ನೋಡಬೇಕು, ಅದರ ರೇಟಲ್ಲ."

ಪರೀಕ್ಷಕರು ಟಿಪ್ಪಣಿ ಕಾಲಮ್ ಯಾಕೆ ಇಷ್ಟು ಉದ್ದ ಇದೆ ಅಂತಲೂ ಕೇಳಿದರು. ಅದಕ್ಕೆ ಹುಡುಗ 'ಇಂಡಿಯಾ, 84' ಅನ್ನುವ ಸಾಲನ್ನು ತೋರಿಸಿ ಕೋಳಿಯ ವಿಷಯ ಹೇಳಿದ. ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು.

ಪ್ರಾಜೆಕ್ಟಿನ ಮಿತಿಗಳೂ ಇವೆ. ಅಂಗಡಿಗಳ ಆಯ್ಕೆ ಅವರಿಗೆ ಪರಿಚಯ ಇದ್ದ ಕಡೆಯದು. ಹಳೆಯ ಬೆಲೆಗಳು ಮನೆಯವರ ಪುಸ್ತಕದ್ದು, ಎಲ್ಲ ತಿಂಗಳೂ ಇಲ್ಲ. ಹಾಗಾಗಿ ಹಿಂದಿನ ವರ್ಷಗಳ ಸೂಚ್ಯಂಕವನ್ನು ಯಾರೂ ಎತ್ತಿ ಹೇಳಬಾರದು ಅಂತ ಮೊದಲ ಪುಟದಲ್ಲೇ ಬರೆದಿದ್ದಾರೆ. ಅವರು ತಾವೇ ಹೋಗಿ ಬರೆದ ಸಾಲುಗಳು ಮಾತ್ರ ಗಟ್ಟಿ.

ನೋಟ್‌ಬುಕ್, ತಕ್ಕಡಿ, ಎಕ್ಸೆಲ್ ಕಡತ ಮೂರನ್ನೂ ಕೆಳಗಿನ ತರಗತಿಯ ತಂಡಕ್ಕೆ ಕೊಟ್ಟಿದ್ದೇವೆ. ಪ್ರತಿ ಜನವರಿ ಮತ್ತು ಜುಲೈನಲ್ಲಿ ಅದೇ ಅಂಗಡಿ, ಅದೇ ವಸ್ತು, ಅದೇ ತೂಕ. ಮೊದಲ ಸಲವೇ ಅವರಿಗೊಂದು ಸಮಸ್ಯೆ ಎದುರಾಗಿದೆ. ಆ ಮೆಸ್ಸಿನಲ್ಲಿ ಈಗ ಊಟದ ಬೋರ್ಡ್ ಹೊಸದಾಗಿ ಬರೆಸಿದ್ದಾರೆ. ಒಂದು ಮುದ್ದೆಯ ಊಟ ಅನ್ನುವುದನ್ನು ತೆಗೆದು ಎರಡು ಮುದ್ದೆ ಸೇರಿಸಿ ಒಂದೇ ರೇಟು ಮಾಡಿದ್ದಾರೆ. ಹಳೆಯ ಸಾಲನ್ನು ಅಲ್ಲಿಗೇ ನಿಲ್ಲಿಸಿ ಹೊಸ ಸಾಲು ಶುರು ಮಾಡಬೇಕಾ, ಇಲ್ಲಾ ತೂಕದ ಲೆಕ್ಕದಲ್ಲಿ ಭಾಗಿಸಿ ಮುಂದುವರಿಸಬೇಕಾ ಅಂತ ಚರ್ಚೆ ನಡೆದಿದೆ. ಯಾವುದನ್ನೇ ಮಾಡಿದರೂ ಟಿಪ್ಪಣಿಯ ಕಾಲಮ್ಮಿನಲ್ಲಿ ಪೂರ್ತಿ ಬರೆಯಿರಿ ಅಂತ ಹೇಳಿದ್ದೇನೆ.